ವಂಚಿತರಿಗೆ ಹೊದಿಕೆ

ಡಿಸೆಂಬರ್ 14, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕೆಂಭಾವಿಯ ಸಮಾರಂಭದಲ್ಲಿ ಇವತ್ತು ಅವ್ವನನ್ನು ವೇದಿಕೆಗೆ ಕರೆದು ರಗ್ಗು ಹೊದಿಸಿದರು. ಹಿಂದೆ ಬ್ಯಾನರು: ‘ವಂಚಿತ ಮಹಿಳೆಯರಿಗೆ ಹೊದಿಕೆ ವಿತರಣೆ’. ಕುರಿ ಕಾಯುತ್ತಲೇ ಉಣ್ಣೆ ನೂತು, ಊರಿಗೆಲ್ಲ ಕಂಬಳಿ ಕೊಟ್ಟವಳಿಗೆ ಗಿರಣಿಯ ತೆಳು ರಗ್ಗು! ಫೋಟೊದವನು ಬೇರೆ, “ನಗಬ್ಯಾಡ್ರಿ ಯವ್ವಾ, ಮಾರಿ ಸಣ್ಣ ಮಾಡ್ರಿ” ಅಂದ. ಕೆಳಗೆ ಕೂತು ನಾನೂ ಚಪ್ಪಾಳೆ ತಟ್ಟಿದೆ. ಥೂ.

ಹೊದಿಸಿದವನು ಸಂಗಮನಾಥ ಸಾಹುಕಾರ. ನಮ್ಮ ಕುರಿ ಮೇಯುತ್ತಿದ್ದ ಊರಿನ ಗಾಯರಾಣಕ್ಕೆ, ಅಂದರೆ ಗೋಮಾಳಕ್ಕೆ, ಹೋದ ವರ್ಷ ತಂತಿಬೇಲಿ ಹಾಕಿಸಿ ತನ್ನದೆಂದವನು. ಮೇವಿಲ್ಲದೆ ಅರ್ಧ ಹಿಂಡು ಮಾರಿದೆವು.

ಟಂಟಂನಲ್ಲಿ ಬರುವಾಗ ಅವ್ವ ಕೇಳಿದಳು: “ಮೈಕಿನ್ಯಾಗ ಹತ್ತು ಸಲ ವಂಚಿತ, ವಂಚಿತ ಅಂದ್ರಲ್ಲ, ಹಂಗಂದ್ರ ಏನ ಪವಿತ್ರಾ?”

ಕಾಲೇಜು ಕಲಿತವಳು, ಹೇಳಲೇಬೇಕಲ್ಲ. “ತಮಗ ಸಿಗಬೇಕಾದ್ದು ಸಿಗದಂಗ ಯಾರೋ ಮಾಡಿರ್ತಾರಲ್ಲ, ಅಂಥವ್ರು.”

“ಹಂಗಾದ್ರ ನಮಗ ಬರಾಬರ್ ಅಂದಾರ ಬಿಡು” ಎಂದಳು. ಆಮೇಲೆ, “ಹಂಗ ಮಾಡಿದವನ ಹೆಸರೂ ಆ ಬ್ಯಾನರಿನ್ಯಾಗ ಬರೆದಿದ್ರೇನು?”

ಅವ್ವನಿಗೆ ಓದಲು ಬಾರದು. ಬರೆದಿದ್ದರು. ಬ್ಯಾನರಿನ ಮೇಲ್ಗಡೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ದಾನಿಗಳು ಅಂತ.