ಬಣ್ಣ ಬೇರೆಯಾಗಿದ್ದ ಗುಳಿಗೆ

ಗದಗ,
ಇಸವಿ ೨೧೭೧, ಎರಡನೇ ಬೇಸಿಗೆಯ ಹದಿನೇಳನೆಯ ದಿನ

ಔಷಧಶಾಸ್ತ್ರ ಶಾಲೆಯ ಪ್ರವೇಶ ಸಂದರ್ಶನಕ್ಕೆಂದು ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುವ ನಿಮಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮಳೆ. ಈ ಪತ್ರದಲ್ಲಿ ನಿಮ್ಮ ಕಾಲದಲ್ಲಿ ಇಲ್ಲದ ಕೆಲವು ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿವೃತ್ತಿಯಾಗುವ ಶಿಕ್ಷಕರು ನೂರು ವರ್ಷ ಮುಂದಿನ ವಿದ್ಯಾರ್ಥಿಗಳಿಗೆ ಒಂದು ಪತ್ರ ಬರೆದಿಟ್ಟು ಹೋಗಬೇಕೆಂಬ ಪದ್ಧತಿ ನಮ್ಮ ಶಾಲೆಯಲ್ಲಿದೆ. ಮುಂದಿನವರಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಅವರು ನನಗಿಂತ ತಿಳಿದವರಾಗಿರುತ್ತಾರೆ. ಅದಕ್ಕೇ ಹಿಂದಕ್ಕೆ, ನಿಮಗೆ ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಮೂರು ಸಲ ಕೂತೆ, ಮೂರು ಸಲ ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಈಗ ಬರೆಯದಿದ್ದರೆ ಇನ್ನು ಬರೆಯಲಾರೆ.

ನಮ್ಮಲ್ಲಿ ಔಷಧ ಅಂಗಡಿ ಎಂಬುದಿಲ್ಲ. ಪ್ರತಿ ಓಣಿಗೆ ಒಂದು ಗುಳಿಗೆಗೂಡು ಇದೆ. ಅದೊಂದು ಯಂತ್ರ. ಒಬ್ಬೊಬ್ಬರ ರಕ್ತ ನೋಡಿ, ಅವರಿಗೆ ಬೇಕಾದ ಎಲ್ಲ ಔಷಧವನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ, ದಿನಕ್ಕೊಂದರಂತೆ ಮಾಡಿಕೊಡುತ್ತದೆ. ಅದಕ್ಕೆ ದಿನಗುಳಿಗೆ ಎನ್ನುತ್ತೇವೆ. ಆದರೆ ಗೂಡಿನಿಂದ ಗುಳಿಗೆ ನೇರವಾಗಿ ಬಾಯಿಗೆ ಹೋಗಕೂಡದು ಎಂಬ ಕಾನೂನಿದೆ. ಗೂಡಿನ ಮುಂದಿನ ಕಟ್ಟೆಯಲ್ಲಿ ಓದಿ ಪಾಸಾದ ಒಬ್ಬರು ನಿಂತಿರಬೇಕು. ಅವರು ನಿಮ್ಮ ಹೆಸರು, ಮನೆತನ ಕೇಳಬೇಕು, ನಿನ್ನೆ ಹೇಗಿದ್ದಿರಿ ಎಂದು ಕೇಳಬೇಕು, ಆಮೇಲೆ ತಮ್ಮ ಕೈಯಿಂದ ನಿಮ್ಮ ಕೈಗೆ ಹಾಕಬೇಕು. ಇದಕ್ಕೆ ಕೈದಾಟ ಎಂದು ಹೆಸರು. ನಮ್ಮ ಶಾಲೆ ಕಲಿಸುವುದು ಮುಖ್ಯವಾಗಿ ಇದನ್ನೇ. ಕೈಗೆ ಹಾಕುವುದಕ್ಕೆ ಐದು ವರ್ಷ ಓದಬೇಕೆ ಎಂದು ನೀವು ನಗಬಹುದು. ಹತ್ತೊಂಬತ್ತರ ವಯಸ್ಸಿನಲ್ಲಿ ನಾನೂ ನಕ್ಕಿದ್ದೆ.

ಸಂದರ್ಶನದ ದಿನ ನನ್ನನ್ನು ಹೊರಗೆ ಮೂರು ತಾಸು ಕೂರಿಸಿದರು. ಓದಲು ಏನೂ ಇಲ್ಲ, ನೋಡಲು ಎದುರಿನ ಗೋಡೆ. ಕಾಯುವವರ ಸಂಕಟ ಗೊತ್ತಿಲ್ಲದವರು ಕಟ್ಟೆಯಲ್ಲಿ ನಿಲ್ಲಬಾರದು ಎಂದು ಹಾಗೆ ಮಾಡುತ್ತಾರೆಂಬುದು ಆಮೇಲೆ ತಿಳಿಯಿತು. ಒಳಗೆ ಹೋದೊಡನೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ, ಜೋಳದ ಹಿಟ್ಟಿನ ಗುಳಿಗೆಯೊಂದನ್ನು ಕೊಟ್ಟು, ನೀರಿಲ್ಲದೆ ನುಂಗು ಎಂದರು. ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟೆ.

ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ಶಾಲೆಯ ಹಿರಿಯ ಶಿಕ್ಷಕರು, ಮೌಲಾಸಾಬ ನದಾಫ ಮಾಸ್ತರರು. ಇನ್ನೊಬ್ಬರು ನುಂಗುವವರ ಕಡೆಯವರು. ದಿನವೂ ಔಷಧ ತೆಗೆದುಕೊಳ್ಳುವ ಊರಿನವರೊಬ್ಬರು ಪ್ರತಿ ಸಂದರ್ಶನದಲ್ಲೂ ಕೂತಿರಬೇಕು, ಅವರು ಒಪ್ಪದೆ ಯಾರಿಗೂ ಪ್ರವೇಶವಿಲ್ಲ. ಆ ದಿನ ಕೂತಿದ್ದವರು ಫಕೀರವ್ವ ಎಂಬ ಅರವತ್ತರ ಹೆಂಗಸು. ಅವರನ್ನು ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಅವರಿಗೆ ನನ್ನ ಗುರುತು ಸಿಗದಿರಲಿ ಎಂದು ತಲೆ ತಗ್ಗಿಸಿದೆ.

ಯಾಕೆಂದು ಹೇಳುತ್ತೇನೆ. ನನ್ನ ಅಪ್ಪ, ಚನ್ನವೀರಪ್ಪ ಹೊಂಬಳ, ನಮ್ಮ ಓಣಿಯ ಕಟ್ಟೆಯಲ್ಲಿ ಹದಿನಾರು ವರ್ಷ ನಿಂತವರು. ನನಗೆ ಎಂಟು ವರ್ಷವಿದ್ದಾಗ ಒಂದು ದಿನ ಧೂಳುಗಾಳಿ ಬರುವುದಿತ್ತು. ಸರದಿಯ ಪಾಳಿಯಲ್ಲಿ ಜನ ತುಂಬಿದ್ದರು, ಎಲ್ಲರಿಗೂ ಮನೆ ಸೇರುವ ಅವಸರ. ನಾನು ಕಟ್ಟೆಯ ಹಿಂದೆ ಕೂತು ಖಾಲಿ ಡಬ್ಬಿ ಜೋಡಿಸುತ್ತಿದ್ದೆ. ಸಂಗಪ್ಪ ಎಂಬ ಹೆಸರಿನ ಇಬ್ಬರಿದ್ದರು. ಅಪ್ಪ ಮನೆತನ ಕೇಳಲಿಲ್ಲ. ಒಬ್ಬರ ಗುಳಿಗೆ ಇನ್ನೊಬ್ಬರ ಕೈಗೆ ಹೋಯಿತು. ಎರಡು ದಿನಕ್ಕೆ ಆ ಸಂಗಪ್ಪ ತೀರಿಕೊಂಡರು. ಅವರೇ ಫಕೀರವ್ವನ ಗಂಡ. ವಿಚಾರಣೆಗೆ ಬಂದವರು ಗೂಡಿನ ದೋಷ ಎಂದು ಬರೆದುಕೊಂಡು ಹೋದರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುವಾರವೇ ಕಟ್ಟೆ ಬಿಟ್ಟು ಮನೆಯಲ್ಲಿ ನೀರಂಗಿ ಹೊಲಿಯತೊಡಗಿದರು. ನೀರಂಗಿಯೆಂದರೆ ಬಿಸಿಲಲ್ಲಿ ತೊಡುವ, ಪದರದೊಳಗೆ ನೀರು ತುಂಬಿದ ಅಂಗಿ. ನಾನು ಸಂದರ್ಶನದ ಅರ್ಜಿ ತುಂಬುವಾಗ ಅವರು ಹೇಳಿದ್ದು ಒಂದೇ ಮಾತು: "ನನ್ನ ಹೆಸರ ಬರೀಬ್ಯಾಡ. ನಿಮ್ಮವ್ವನ ತವರಮನಿ ಹೆಸರ ಬರಿ." ನಾನು ನೀಲಗಂಗಾ ಸೂಡಿ ಎಂದು ಬರೆದೆ.

ನದಾಫ ಮಾಸ್ತರರು ರಸಾಯನದ ಬಗ್ಗೆ ಕೇಳಿದರು, ಲೆಕ್ಕ ಕೊಟ್ಟರು, ಹಳೆಯ ಕೈಬರಹದ ಚೀಟಿಯೊಂದನ್ನು ಓದಿಸಿದರು. ಅದೆಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಫಕೀರವ್ವ ಕೇಳಿದರು.

"ಯಾಕ ಬಂದಿಯವಾ ಈ ಶಾಲಿಗೆ?"

"ಮಂದಿ ಸೇವಾ ಮಾಡಬೇಕಂತ ಬಂದೀನ್ರಿ."

"ಹಂಗ ಎಲ್ಲಾರೂ ಅಂತಾರ. ನಿಮ್ಮಪ್ಪ ಏನ್ ಮಾಡ್ತಾನ?"

"ಹೊಲಿಗಿ ಕೆಲಸ ಮಾಡ್ತಾರ್ರಿ."

"ಮದ್ಲ ಏನ್ ಮಾಡ್ತಿದ್ದ?"

"ಮದ್ಲಿಂದನೂ ಅದನ್ನ ಮಾಡ್ತಾರ್ರಿ."

ಫಕೀರವ್ವ ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ಕಟ್ಟಿ ಹಿಂದ ಕುಂತು ಖಾಲಿ ಡಬ್ಬಿ ಜೋಡಸ್ತಿದ್ದಿ. ನಿನಗ ಒಮ್ಮೆ ಪ್ಯಾರಲಹಣ್ಣ ಕೊಟ್ಟಿದ್ದೆ ನಾನು. ನೀ ಒಳಗ ಬಂದ ಕೂಡಲೇ ಗೊತ್ತಾತು. ನೀ ಏನ್ ಹೇಳ್ತಿ ಅಂತ ನೋಡಿದೆ."

ಹಿಟ್ಟಿನ ಗುಳಿಗೆ ಇನ್ನೂ ಗಂಟಲಲ್ಲೇ ಇದೆಯೆನಿಸಿತು. ಅವರು ಮಾಸ್ತರರ ಕಡೆ ತಿರುಗಿದರು. "ಇಕಿ ಅಪ್ಪಂದು ಬ್ಯಾರೆ ಮಾತ್ರಿ. ಆದ್ರ ಸುಳ್ಳು ಹೇಳಿದಾಕಿ ಕೈಯಾಗಿನ ಗುಳಿಗಿ ನಾ ಹೆಂಗ ನುಂಗ್ಲಿ?" ಮಾಸ್ತರರು ನನ್ನ ಅರ್ಜಿಯ ಮೇಲೆ ಗೆರೆ ಎಳೆದರು. ನನಗೆ ಪ್ರವೇಶ ಸಿಗಲಿಲ್ಲ.

ಮನೆಗೆ ಬಂದು ಅಪ್ಪನ ಮೇಲೆ ಕೂಗಾಡಿದೆ. ನಿಮ್ಮಿಂದ ಹೀಗಾಯಿತು, ನೀವು ಹೇಳಿಕೊಟ್ಟ ಸುಳ್ಳಿನಿಂದ ಹೀಗಾಯಿತು ಎಂದೆ. ಅವರು ಹೊಲಿಗೆ ನಿಲ್ಲಿಸಲಿಲ್ಲ. ಮೂರು ದಿನ ಮನೆಯಲ್ಲಿ ಯಂತ್ರದ ಸದ್ದೊಂದೇ. ಅವ್ವ ಊಟದ ತಾಟು ತಂದಿಟ್ಟರೆ ತಾಟು ಹಾಗೇ ಇರುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಅವರು ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, "ಬಾ, ಹೋಗೂಣು" ಎಂದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಗಂಡ ತೀರಿದ ಮೇಲೆ ಫಕೀರವ್ವ ಮನೆ ಮಾಡಿಕೊಂಡಿದ್ದ ಮುಳಗುಂದ ನಾಕಾದವರೆಗೂ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದರು.

ಫಕೀರವ್ವ ಹೊರಗಿನ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಅಪ್ಪನನ್ನು ನೋಡಿ ಕೈ ನಿಲ್ಲಿಸಿದರು. ಅಪ್ಪ ಕೂರಲು ಹೋದಾಗ, "ಕುಂಡ್ರಬ್ಯಾಡ್ರಿ. ನಿಂತ ಹೇಳ್ರಿ" ಎಂದರು.

ಅಪ್ಪ ನಿಂತೇ ಹೇಳಿದರು. ಗೂಡಿನ ದೋಷವಲ್ಲ, ನಾನು ಮನೆತನ ಕೇಳಲಿಲ್ಲ ಎಂದರು. ಪಾಳಿ ಉದ್ದವಿತ್ತು, ಗಾಳಿ ಏಳುತ್ತಿತ್ತು ಎಂದು ಶುರುಮಾಡಿ, ಅದನ್ನು ಅರ್ಧಕ್ಕೇ ಬಿಟ್ಟರು.

"ಅವತ್ತ ನಮ್ಮನಿಯವರು ಏನರ ಅಂದ್ರನು?" ಫಕೀರವ್ವ ಕೇಳಿದರು.

ಅಪ್ಪ ಮೆಂತ್ಯದ ಸೊಪ್ಪನ್ನು ನೋಡುತ್ತ ಹೇಳಿದರು. "'ಇವತ್ತ ಇದರ ಬಣ್ಣ ಬ್ಯಾರೆ ಐತೆಲ್ಲ' ಅಂದ್ರು. 'ನುಂಗ್ರಿ, ಏನೂ ಆಗೂದಿಲ್ಲ' ಅಂದೆ ನಾನು."

ಇದು ನನಗೂ ಗೊತ್ತಿರಲಿಲ್ಲ. ಆ ದಿನ ಗಾಳಿಯ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಫಕೀರವ್ವ ಮೆಂತ್ಯದ ಸೊಪ್ಪನ್ನು ಹಿಡಿಯಲ್ಲಿ ಹಿಸುಕಿದರು. "ಹನ್ನೊಂದ ವರ್ಷ. ಗೂಡಿನ ದೋಷ ಅಂತ ಬರದ್ರೂ ನನ್ನ ಮನಸ ಒಪ್ಪಲಿಲ್ಲ. ಅವರು ಅವತ್ತ ಮುಂಜಾನೆ ಏನ್ ತಿಂದಿದ್ರು, ನಾ ಏನ್ ತಪ್ಪ ಅಡಗಿ ಮಾಡಿದ್ದೆ ಅಂತ ಹನ್ನೊಂದ ವರ್ಷ ವಿಚಾರ ಮಾಡೀನಿ. ನಿಮ್ಮನಿ ಇಲ್ಲಿಂದ ಎಷ್ಟ ದೂರ ಐತ್ರಿ? ಒಂದ ದಿನ ಬರಾಕ ಆಗಲಿಲ್ಲಾ?"

ಅಪ್ಪ ಅತ್ತರು. ಫಕೀರವ್ವ ಅಳಲಿಲ್ಲ. "ಇನ್ನ ಹೋಗ್ರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ಮಧ್ಯಾಹ್ನ ಅಪ್ಪ ವಿಚಾರಣೆಯ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟರು. ಕಚೇರಿಯವರು ಅವರ ಹೆಸರನ್ನು ಕಟ್ಟೆಯಲ್ಲಿ ನಿಲ್ಲುವವರ ಪಟ್ಟಿಯಿಂದ ತೆಗೆದರು. ಒಂದು ವರ್ಷ, ಪ್ರತಿ ಸೋಮವಾರ, ಅದೇ ಕಟ್ಟೆಯ ಮುಂದೆ ನಿಂತು ಪಾಳಿಯವರಿಗೆ ಆ ದಿನ ನಡೆದದ್ದನ್ನು ಹೇಳಬೇಕೆಂದು ಶಿಕ್ಷೆಯಾಯಿತು. ಮೊದಲ ಸೋಮವಾರ ಯಾರೋ ಉಗುಳಿದರು. ಎಂಟನೆಯ ಸೋಮವಾರ ಯಾರೋ ನೀರು ಕೊಟ್ಟರು. ಕೆಲವರು ಕೇಳಿ ಕೇಳಿ ಬೇಸತ್ತು, "ಆತು ಬಿಡ್ರಿ ಹೊಂಬಳ ಮಾಸ್ತರ" ಎನ್ನುತ್ತಿದ್ದರು. ಅಪ್ಪ ಬಿಡಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಅವರು ಮನೆಯಲ್ಲಿ ಎರಡು ಹೊತ್ತು ಊಟ ಮಾಡುತ್ತಿದ್ದರು.

ಮರುವರ್ಷ ನಾನು ಮತ್ತೆ ಅರ್ಜಿ ಹಾಕಿದೆ. ಒಳಗೆ ಹೋದರೆ ಮತ್ತೆ ಫಕೀರವ್ವ. ಅವರು ಬೇಡವೆಂದು ಎದ್ದು ಹೋಗಬಹುದಿತ್ತು, ಹೋಗಿರಲಿಲ್ಲ. ಹೆಸರು ಕೇಳಿದರು. "ನೀಲಗಂಗಾ ರೀ. ಚನ್ನವೀರಪ್ಪ ಹೊಂಬಳ ಅವರ ಮಗಳು" ಎಂದೆ. ಅವರು ತಮ್ಮ ಡಬ್ಬಿಯಿಂದ ಒಂದು ದಿನಗುಳಿಗೆ ತೆಗೆದು ಮೇಜಿನ ಮೇಲಿಟ್ಟರು.

"ಇದರ ಬಣ್ಣ ಬ್ಯಾರೆ ಐತಿ. ಏನ್ ಮಾಡ್ಲಿ?"

ಗುಳಿಗೆ ನೋಡಿದೆ. ಬಣ್ಣ ಬೇರೆಯಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. "ನುಂಗಬ್ಯಾಡ್ರಿ. ಇಲ್ಲೇ ಇಡ್ರಿ. ನಾ ಒಳಗ ಹೋಗಿ ಕೇಳಿ ಬರ್ತೀನಿ."

"ಹಿಂದ ನಲವತ್ತ ಮಂದಿ ನಿಂತಾರ. ಗಾಳಿ ಬರಾಕ ಹತ್ತೇತಿ."

"ನಿಂದ್ರಲಿ ರೀ."

"ಬೈತಾರ."

"ಬೈಲಿ."

ಅವರು ಮಾಸ್ತರರ ಕಡೆ ನೋಡಿ ಹೂಂ ಎಂದರು. ಅಷ್ಟೇ. ನಾನು ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಗೆದ್ದೆನೆಂದು ಅನಿಸಲಿಲ್ಲ.

ಓದು ಮುಗಿದ ಮೇಲೆ, ಶಾಲೆಗೆ ಕಲಿಸಲು ಬರುವ ಮೊದಲು, ನನ್ನನ್ನು ಹಾಕಿದ್ದು ಎರಡು ಕಿಟಕಿಗಳಿದ್ದ ಮುಳಗುಂದ ನಾಕಾದ ಕಟ್ಟೆಗೆ. ಫಕೀರವ್ವನ ಗುಳಿಗೆ ಅಲ್ಲಿಯೇ ಬರುತ್ತಿತ್ತು. ಅವರು ಬದುಕಿದ್ದ ಇನ್ನೂ ಹದಿಮೂರು ವರ್ಷ ಪಕ್ಕದ ಕಿಟಕಿಯ ಪಾಳಿಯಲ್ಲೇ ನಿಂತರು, ನನ್ನ ಮುಂದೆ ಒಬ್ಬರೂ ಇಲ್ಲದ ದಿನ ಕೂಡ. ಎದುರಾದರೆ, "ಅಪ್ಪ ಆರಾಮ ಅದಾರ?" ಎಂದು ಕೇಳುತ್ತಿದ್ದರು. ನನ್ನ ಕೈಯಿಂದ ಒಂದೇ ಒಂದು ಗುಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ನನ್ನನ್ನು ಶಾಲೆಗೆ ಸೇರಿಸಿಕೊಂಡವರು ಅವರು, ಕ್ಷಮಿಸಲು ಅವರಿಂದ ಆಗಲಿಲ್ಲ. ಎರಡೂ ಒಂದೇ ಅಲ್ಲವೆಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಇವತ್ತಿಗೂ ಪೂರ್ತಿ ಒಪ್ಪಿದ್ದೇನೆಂದು ಹೇಳಲಾರೆ. ಈ ಸಾಲು ಬರೆಯುವಾಗ ಮತ್ತೆ ಎದ್ದು ಹೋಗಿ ಬಂದೆ.

ನಿಮ್ಮ ಕೋಣೆಯೊಳಗೆ ಏನು ಕೇಳುತ್ತಾರೋ ನನಗೆ ಗೊತ್ತಿಲ್ಲ. ಯಾಕೆ ಈ ಓದು, ನಿಮ್ಮ ದೌರ್ಬಲ್ಯವೇನು, ಐದು ವರ್ಷದ ಮೇಲೆ ಎಲ್ಲಿರುತ್ತೀರಿ ಎಂದೆಲ್ಲ ಕೇಳಬಹುದು. ಅವಕ್ಕೆ ಉತ್ತರ ಬಾಯಿಪಾಠ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಮೇಜಿನ ಆಚೆ ಒಂದು ಕುರ್ಚಿ ಖಾಲಿಯಿದ್ದರೆ, ಅಲ್ಲಿ ನುಂಗುವವರೊಬ್ಬರು ಕೂತಿದ್ದಾರೆಂದು ತಿಳಿದು ಮಾತಾಡಿ. ಇನ್ನೊಂದು ಕೇಳಿಕೊಳ್ಳುತ್ತೇನೆ. ನೀವು ಹೋಗಿ ನಿಂತು ಒಂದು ಮಾತು ಹೇಳಬೇಕಾದ ಮನೆ ನಿಮ್ಮೂರಲ್ಲಿ ಯಾವುದಾದರೂ ಇದ್ದರೆ, ನಿಮ್ಮನ್ನು ಒಳಗೆ ಕರೆಯುವುದಕ್ಕೆ ಇನ್ನೂ ಹೊತ್ತಿದ್ದರೆ, ಬೆಂಚಿನಿಂದ ಎದ್ದು ಅಲ್ಲಿಗೆ ಮೊದಲು ಹೋಗಿ ಬನ್ನಿ. ಸಂದರ್ಶನ ಮರುವರ್ಷವೂ ಇರುತ್ತದೆ.

ನೀಲಗಂಗಾ ಚನ್ನವೀರಪ್ಪ ಹೊಂಬಳ