ಬೆಳಕಿಗೆ ಮುಖ ಮಾಡಿ

ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ಮುಖ ನೋಡಲು ಧೈರ್ಯ ಸಾಲದ ತಂಗಿಯ ನಮಸ್ಕಾರ.

ಮೊನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. ಮಗುವಿಗೆ ಮೂರು ತಿಂಗಳು ತುಂಬಿತಂತೆ, ಕತ್ತು ನಿಲ್ಲುತ್ತಿದೆಯಂತೆ. ಖುಷಿಯಿಂದ ಶುರುವಾದ ಮಾತು ಇದ್ದಕ್ಕಿದ್ದ ಹಾಗೆ ಅಳುವಿಗೆ ತಿರುಗಿತು. ನೀನು ಇನ್ನೂ ಒಂದು ಸಲವೂ ಮಗುವನ್ನು ಎತ್ತಿಕೊಂಡಿಲ್ಲವಂತೆ. ಊರೆಲ್ಲ ಮಾಸ್ಕನ್ನು ಮರೆತರೂ ನೀನು ಮನೆಯೊಳಗೆ ಅದನ್ನು ಕಟ್ಟಿಕೊಂಡೇ ಓಡಾಡುತ್ತೀಯಂತೆ, ತೊಟ್ಟಿಲನ್ನು ಬಾಗಿಲಲ್ಲೇ ನಿಂತು ನೋಡಿ ಹೋಗುತ್ತೀಯಂತೆ. "ಒಬ್ರನ್ನ ತಿಂದುಕೊಂಡಿದ್ದು ಸಾಕು ಅಂತಾಳೆ ಅಮ್ಮ, ಚಿಕ್ಕಮ್ಮಾ," ಎಂದಳು.

ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಅಕ್ಕಾ, ನೀನು ಯಾರನ್ನೂ ತಿಂದುಕೊಂಡಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಇದಕ್ಕೆ ಮೊದಲು ಮೂರು ಹಾಳೆ ಹರಿದು ಹಾಕಿದ್ದೇನೆ.

ನಮ್ಮ ಮನೆಯ ರೀತಿ ನಿನಗೆ ನಾನು ಹೇಳಬೇಕೆ? ನೀನು ಹುಟ್ಟಿದ ವರ್ಷದ ಜ್ವರದಲ್ಲಿ ಅಮ್ಮನ ಎರಡು ಕಿವಿಯೂ ಹೋದಾಗ ಅಪ್ಪ ಮಾಡಿದ ಮೊದಲ ಕೆಲಸ, ಅಷ್ಟು ಮುತುವರ್ಜಿಯಿಂದ ಬೆಳೆಸಿದ್ದ ಮೀಸೆಯನ್ನು ಬೋಳಿಸಿದ್ದು. ಮೀಸೆ ಇದ್ದರೆ ತುಟಿ ಕಾಣುವುದಿಲ್ಲವಲ್ಲ. ಮೀಸೆ ಹೋದರೂ ಹೆಂಡತಿ ಹತ್ತಿರ ಮಾತು ಉಳಿಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರಂತೆ. ಮಾತಾಡುವವರು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಬೇಕು, ಅಮ್ಮ ಕಿಟಕಿಗೆ ಬೆನ್ನು ಕೊಟ್ಟು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವುದು ಬೇರೆ ಮನೆಗಳಲ್ಲಿ ಕೆಟ್ಟ ಅಭ್ಯಾಸ, ನಮ್ಮಲ್ಲಿ ಅಪರಾಧ. ಕರೆಂಟ್ ಹೋದಾಗ ನಾವಿಬ್ಬರೂ ಗದ್ದದ ಕೆಳಗೆ ಟಾರ್ಚ್ ಹಿಡಿದುಕೊಂಡು, ದೆವ್ವಗಳ ಹಾಗೆ ಕೂತು ಅಮ್ಮನಿಗೆ ಶಾಲೆಯ ಸುದ್ದಿ ಹೇಳುತ್ತಿದ್ದೆವು.

ರೋಗ ಬಂದ ವರ್ಷ ಆರೋಗ್ಯ ಕೇಂದ್ರದವರು ನನಗೆ ನಾಲ್ಕು ಬೀದಿ ಒಪ್ಪಿಸಿದ್ದರು. ಸೋಂಕು ಬಂದ ಮನೆಯ ಬಾಗಿಲಿಗೆ ಕೆಂಪು ಕಾಗದ ಅಂಟಿಸುವುದು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡವರನ್ನು ಗದರುವುದು ನನ್ನ ಕೆಲಸ. ಬೀದಿಯವರು ನನಗೆ 'ಮೂಗು ಮುಚ್ಚಮ್ಮ' ಎಂದು ಹೆಸರಿಟ್ಟರು. ಎಲ್ಲರೂ ಬಗ್ಗಿದರೂ ತಿರುವಿನ ಗಡಿಯಾರ ರಿಪೇರಿಯವನು ಬಗ್ಗಲಿಲ್ಲ. ಮೂಗು ತನ್ನದು, ಮುಚ್ಚುವುದು ಬಿಡುವುದು ತನ್ನಿಷ್ಟ ಎಂದು ವಾದಕ್ಕೆ ನಿಂತ. "ಮೂಗು ನಿಮ್ಮದೇ ಇರ್ಬಹುದು. ಉಸಿರು ಹೊರಗೆ ಬಂದ ಮೇಲೆ ನಿಮ್ಮೊಬ್ಬರದಲ್ಲ," ಎಂದು ನಾನು ಹತ್ತು ಜನರ ಮುಂದೆ ಅವನ ಬಾಯಿ ಕಟ್ಟಿಸಿದೆ. ಆ ಮಾತಿನ ಬಗ್ಗೆ ಎಷ್ಟು ಜಂಬವಿತ್ತೆಂದರೆ, ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಹೇಗೆ ಹೇಳಿದೆ ಎಂಬುದನ್ನೇ ಈಗ ಬರೆಯಬೇಕಾಗಿದೆ.

ಅಮ್ಮನ ಕೋಣೆಗೆ ಮಾಸ್ಕ್ ಇಲ್ಲದೆ ಕಾಲಿಡಬಾರದು ಎಂಬ ನಿಯಮ ಮಾಡಿದವಳು ನಾನೇ. ಮೊದಲ ತಿಂಗಳು ಕಟ್ಟುನಿಟ್ಟಾಗಿ ನಡೆಯಿತು. ಮಾತ್ರೆ ತಗೊಂಡ್ಯಾ, ಊಟ ಆಯ್ತಾ ಎಂದು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೆ. ಅಮ್ಮ ಓದಿ, ತಲೆಯಾಡಿಸಿ, ಚೀಟಿ ಮಡಿಸಿಡುತ್ತಿದ್ದಳು. ಒಂದು ದಿನ ತಾನೇ ಹೊಲಿಗೆ ಯಂತ್ರದ ಮುಂದೆ ಕೂತು, ಹೊಸ ಶರಟಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ, ಬಾಯಿಯ ಜಾಗದಲ್ಲಿ ಕಿಟಕಿ ಇಟ್ಟು ನನಗೊಂದು ಮಾಸ್ಕ್ ಹೊಲಿದಳು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ, ಹೊಲಿಗೆ ಬಲು ಅಚ್ಚುಕಟ್ಟು. ಆದರೆ ಎರಡು ಮಾತಾಡುವಷ್ಟರಲ್ಲಿ ಪ್ಲಾಸ್ಟಿಕ್ಕಿಗೆ ಆವಿ ಕಟ್ಟಿ ನನ್ನ ಬಾಯಿ ಮಾಯವಾಯಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುತ್ತಲೇ ಅಮ್ಮ ಕೈ ಚಾಚಿ ಅದನ್ನು ನನ್ನ ಕಿವಿಯಿಂದ ಬಿಡಿಸಿದಳು. "ಬರೀ ಕಣ್ಣು ನೋಡ್ಕೊಂಡು ಎಷ್ಟು ದಿನ ಇರ್ಲಿ? ಬದುಕಬೇಕಾಗಿರೋದು ನಾನು ತಾನೇ. ಮುಖ ತೋರ್ಸು," ಅಂದಳು.

ತೋರಿಸಿದೆ. ಅಂದಿನಿಂದ ಪ್ರತಿ ಸಂಜೆ ಐದೂವರೆಗೆ, ಬೆಳಕು ಇರುವಾಗಲೇ, ಬೀದಿಯ ಬಾಗಿಲಿಗೆ ಅಗುಳಿ ಹಾಕಿ, ಮಾಸ್ಕ್ ತೆಗೆದು ಅಮ್ಮನ ಎದುರು ಕೂರುತ್ತಿದ್ದೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅರ್ಧ ಗಂಟೆ ದಿನದ ಸುದ್ದಿಯೆಲ್ಲ ಹೇಳುತ್ತಿದ್ದೆ. ನಿನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ನಿಯಮ ತಪ್ಪು ಎಂದು ನಾನು ಈಗಲೂ ಹೇಳಲಾರೆ. ಅಮ್ಮ ಕೇಳಿದ್ದೂ ತಪ್ಪೆನ್ನಲಾರೆ. ಅವಳಿಗೆ ಮಾಸ್ಕ್ ಎಂದರೆ ಎರಡನೇ ಸಲ ಕಿವಿ ಹೋದ ಹಾಗೆ. ಆದರೆ ದಿನವಿಡೀ ಸೋಂಕಿನ ಮನೆಗಳ ಮುಂದೆ ನಿಂತು ಬಂದ ಬಾಯಿ ನನ್ನದು. ಅದು ನನಗೆ ಗೊತ್ತಿತ್ತು.

ಇನ್ನು ಆ ಶನಿವಾರ. ನೀನು ಅಷ್ಟು ದೂರದಿಂದ ಬಂದೆ. ನಾನು ಒಳಗೆ ಬಿಡಲಿಲ್ಲ. ನೀನು ಕಿಟಕಿಯ ಹೊರಗೆ ನಿಂತು, ಗಾಜಿನಾಚೆಯಿಂದ ಅಮ್ಮನಿಗೆ ಕಾಣಲಿ ಎಂದು ಮಾಸ್ಕ್ ಇಳಿಸಿದೆ. ಅಮ್ಮ ಆಸೆಗೆ ಕಿಟಕಿಯನ್ನು ಒಂದು ಗೇಣು ತೆರೆದಳು. ಅಷ್ಟಕ್ಕೇ ನಾನು ಬೀದಿಯ ಜನ ನೋಡುವ ಹಾಗೆ ನಿನ್ನ ಮೇಲೆ ಕೂಗಾಡಿದೆ. ಹಿಂದಿನ ಸಂಜೆ ಅದೇ ಕೋಣೆಯಲ್ಲಿ ನನ್ನ ಮೊಣಕಾಲು ಅಮ್ಮನ ಮೊಣಕಾಲಿಗೆ ತಾಗಿತ್ತು. ಹಿಂದಿನ ದಿನದಿಂದಲೇ ನನಗೆ ಗಂಟಲು ಕೆರೆಯುತ್ತಲೂ ಇತ್ತು. ಬಿಸಿಲಿಗೆ ಅಂದುಕೊಂಡೆ.

ಗುರುವಾರ ಅಮ್ಮನಿಗೆ ಜ್ವರ ಬಂತು. ಸೋದರತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು: ಶನಿವಾರ ದೊಡ್ಡವಳು ಬಂದಳು, ಗುರುವಾರ ಜ್ವರ. ಸೋಮವಾರ ಆರೋಗ್ಯ ಕೇಂದ್ರದಲ್ಲಿ ಮಾಡಿಸಿದ್ದ ನನ್ನ ಟೆಸ್ಟಿನ ವರದಿ ಬಂದದ್ದು ಅಮ್ಮನಿಗೆ ಜ್ವರ ಬಂದ ಮೇಲೆ. ಅಮ್ಮನಿಂದಲೇ ಚಿಕ್ಕವಳಿಗೂ ತಗುಲಿತು ಎಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅತ್ತೆ ಒಂದು ಸಲ ಹೇಳಿದರೆ ನೂರು ಮನೆಗೆ ಹೇಳಿದ ಹಾಗೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ಸೋಂಕಿತೆಯಾದ ನನ್ನನ್ನು ಅವರು ಬಿಡುವ ಹಾಗಿರಲಿಲ್ಲ, ನಿನ್ನನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ನರ್ಸ್ ನನಗೆ ಫೋನಿನಲ್ಲಿ ಹೇಳಿದ ಒಂದು ಮಾತನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. "ಇಲ್ಲಿ ಯಾಕೆ ಯಾರೂ ನನ್ನ ಹತ್ರ ಮಾತಾಡಲ್ಲ ಅಂತ ಕೇಳ್ತಾನೇ ಇದ್ರು," ಅಂದಳು ಆಕೆ. ಪಾಪ, ಅವರೆಲ್ಲ ಮಾತಾಡುತ್ತಲೇ ಇದ್ದರು. ಒಂಬತ್ತು ದಿನ ಅಮ್ಮ ಒಂದೇ ಒಂದು ಬಾಯಿ ನೋಡಲಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ದಾಖಲೆಯಲ್ಲಿ ಬರೆಸಬೇಕಾಗಿದ್ದವಳು ನಾನು. ಆ ಗಡಿಬಿಡಿಯಲ್ಲಿ ಮರೆತೆ. ಅಮ್ಮ ಕಿವುಡಿ ಎಂಬುದು ನಮ್ಮ ಮನೆಯಲ್ಲಿ ನೆನಪಿಡಬೇಕಾದ ವಿಷಯವೇ ಆಗಿರಲಿಲ್ಲ ನೋಡು.

ಈಗ ಸಂಜೆ ಐದೂವರೆಯಾದರೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಅವಳ ಕುರ್ಚಿ ಕಿಟಕಿಗೆ ಬೆನ್ನು ಮಾಡಿಕೊಂಡೇ ಇದೆ. ನಾನು ಎಲ್ಲಿ ಕೂತರೂ ಬೆಳಕು ನನ್ನ ಬಾಯಿಯ ಮೇಲೇ ಬೀಳುತ್ತದೆ, ಯಾರೋ ಓದುತ್ತಿದ್ದಾರೆ ಅನ್ನಿಸುತ್ತದೆ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ತುಟಿ ಅಲುಗುತ್ತದೆಯೇನೋ ಎಂಬ ಭಯ. ಒಬ್ಬಳೇ ಇದ್ದಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರುತ್ತೇನೆ. ನೀನು ಮಾಸ್ಕಿನ ಹಿಂದೆ, ನಾನು ಕೈಯ ಹಿಂದೆ. ಒಬ್ಬಳೇ ಅಮ್ಮನ ಮಕ್ಕಳು ನಾವು.

ಕಳೆದ ವಾರ ಆ ಗಡಿಯಾರದವನು ಅಂಗಡಿಯಿಂದಲೇ ಕರೆದ. ಅವನ ಬಾಗಿಲಿಗೂ ನಾನು ಕೆಂಪು ಕಾಗದ ಅಂಟಿಸಿದ್ದೆ. ಬೈದುಕೊಂಡೇ ಹದಿನಾಲ್ಕು ದಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ. "ನಿಮ್ಮ ಮಾತು ಕೇಳಿದ್ದಕ್ಕೆ ನಮ್ಮ ತಾಯಿ ಉಳ್ಕೊಂಡ್ರು ಮೇಡಂ," ಎಂದು ಕೈ ಮುಗಿದ. ಅವನ ತಾಯಿ ಹಿಂದೆ ಸ್ಟೂಲಿನ ಮೇಲೆ ಕೂತು ನಗುತ್ತಿದ್ದರು. ನಾನು ಅಲ್ಲಿಂದ ಓಡಿ ಬಂದೆ.

ಅಕ್ಕಾ, ಈ ಪತ್ರವನ್ನು ಅತ್ತೆಗೆ ಓದಿ ಹೇಳು, ನಿನ್ನ ಮಗಳಿಗೆ ತೋರಿಸು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಮಾಸ್ಕ್ ತೆಗೆ. ಬೆಳಕಿಗೆ ಮುಖ ಮಾಡಿ ಕೂತು ಮಗುವನ್ನು ಎತ್ತಿಕೋ. ಅದು ನಿನ್ನ ಬಾಯಿ ನೋಡಲಿ.

ಇಂತಿ,
ನಿನ್ನ ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದ್ದೇನೆ. ವರದಿ ಅಮ್ಮನ ಜ್ವರದ ನಂತರ ಬಂತು ಎಂದು ಮೇಲೆ ಬರೆದದ್ದು ಸುಳ್ಳು. ಅದು ಮಂಗಳವಾರ, ಐದಕ್ಕೆ ಹತ್ತು ನಿಮಿಷವಿರುವಾಗ ಫೋನಿಗೆ ಬಂದಿತ್ತು. ಬಂದದ್ದು ಕಂಡಿತು, ತೆರೆಯಲಿಲ್ಲ. ಫೋನನ್ನು ಚೀಲದಲ್ಲಿ ಬೋರಲು ಹಾಕಿದೆ. ತೆರೆದರೆ ಆ ಸಂಜೆಯ ಅರ್ಧ ಗಂಟೆ ಹೋಗುತ್ತಿತ್ತು. ಐದೂವರೆಗೆ ಕೂತು, ಸುದ್ದಿಯೆಲ್ಲ ಹೇಳಿ ಏಳುವಾಗ ಅಮ್ಮ ನನ್ನ ಗಂಟಲು ಮುಟ್ಟಿ, ವರದಿ ಬಂತಾ ಎಂದು ಕೇಳಿದಳು. "ಇನ್ನೂ ಬಂದಿಲ್ಲಮ್ಮ," ಅಂದೆ. ಅವಳಿಗೆ ತಿಳಿಯಲಿ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಅವಳು ನನ್ನ ತುಟಿಯನ್ನು ಬಹಳ ಹೊತ್ತು ನೋಡಿದಳು. ಮರುದಿನ ಬೆಳಿಗ್ಗೆ ಸಂದೇಶ ತೆರೆದು ನೋಡಿ, ಮಾಸ್ಕ್ ಬಿಗಿದು ಹಿಂದಿನ ಕೋಣೆ ಸೇರಿದೆ. ಅಮ್ಮ ನನ್ನ ಬಾಯಿಂದ ಓದಿದ ಕೊನೆಯ ಮಾತು ಅದೇ.