ಚೌಕಟ್ಟಿನ ಕೆಳಗಿನ ಬಿಳಿ ಗೆರೆ

೨೧ ಸೆಪ್ಟೆಂಬರ್ ೨೦೦೫, ಬುಧವಾರ

ಆ ಗೆರೆ ಇನ್ನೂ ಅಲ್ಲೇ ಇದೆ. ಅದು ನನಗೊಬ್ಬಳಿಗೇ ಗೊತ್ತು.

ಬೇಗಂ ಬಜಾರಿನ ಪಾತ್ರೆ ವ್ಯಾಪಾರಿ ಹಣಮಂತರಾಯರ ವೆಬ್‌ಪುಟದೊಳಗೆ ದರಪಟ್ಟಿಯ ನೀಲಿ ಚೌಕಟ್ಟನ್ನು ಕೂರಿಸಿದ್ದೆ. ಅದರ ಕೆಳಗೊಂದು ತೆಳ್ಳನೆಯ ಬಿಳಿ ಗೆರೆ. ಅಂಚು, ಅಂತರ ಎಲ್ಲವನ್ನೂ ಸೊನ್ನೆ ಮಾಡಿದರೂ ಮೂರು ದಿನದಿಂದ ಹೋಗಿರಲಿಲ್ಲ. ಇಂದು ಸಾಕಾಗಿ, ಚೌಕಟ್ಟಿನ ಹಿಂದೆಯೂ ಅದೇ ನೀಲಿ ಬಳಿದುಬಿಟ್ಟೆ.

ಸಂಜೆ ಆಫೀಸಿಗೆ ಬಂದ ರಾಯರು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು. “ಈಗ ಚಲೋ ಆತ್ರಿ. ಪಾತ್ರಿ ಬೆಸುಗಿ ಹಂಗ ಇದ್ದ ಗೆರಿ ಕಾಣವಲ್ತು.”

ಮ್ಯಾನೇಜರ್ ಶಿವಪ್ರಕಾಶ್ ಎಲ್ಲರೆದುರೇ ಹೇಳಿದರು: “ವಿಜಯಶ್ರೀ, ಅದನ್ನ ಹೆಂಗ ತೆಗದ್ರಿ ಅಂತ ನಾಳೆ ಹತ್ತಕ್ಕ ಹೊಸಬರಿಗೆ ತೋರಸ್ರಿ.” ನಾನು ತಲೆಯಾಡಿಸಿದೆ. ತೆಗೆದಿಲ್ಲ, ಬರೀ ಮುಚ್ಚಿದ್ದೇನೆ ಎಂದು ಆಗಲೇ ಹೇಳಬಹುದಿತ್ತು.

ಇದನ್ನು ಬರೆಯುವಾಗ ಒತ್ತಕ್ಷರಗಳೆಲ್ಲ ಈ ದಿನಚರಿ ಹಾಳೆಯ ಗೆರೆಯ ಕೆಳಗೆ ಇಳಿಯುತ್ತಿರುವುದನ್ನು ನೋಡಿ ಥಟ್ಟನೆ ಹೊಳೆಯಿತು. ಪುಟವು ಚೌಕಟ್ಟನ್ನೂ ಒಂದು ಅಕ್ಷರವೆಂದುಕೊಂಡು ಕೆಳಗೆ ಜಾಗ ಬಿಡುತ್ತಿದೆ. ಅದು ಅಕ್ಷರವಲ್ಲ, ‘ಬ್ಲಾಕ್’, ಅಂದರೆ ತನ್ನಷ್ಟಕ್ಕೆ ನಿಲ್ಲುವ ತುಂಡು ಎಂದು ಪುಟಕ್ಕೆ ಹೇಳಿದರೆ ಸಾಕು, ಕೋಡಿನಲ್ಲಿ ಒಂದೇ ಸಾಲು.

ನಾಳೆ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೋಗಿ ಸರಿಪಡಿಸಿದರೆ ಯಾರಿಗೂ ತಿಳಿಯದು.

ಬೇಡ. ಮೊದಲು ನೀಲಿ ಅಳಿಸಿ, ಎಲ್ಲರಿಗೂ ಆ ಬಿಳಿ ಗೆರೆಯನ್ನೇ ತೋರಿಸಬೇಕು. ಈ ಧೈರ್ಯ ಹತ್ತು ಗಂಟೆಯವರೆಗೆ ಉಳಿದರೆ ಸಾಕು.